ಹತ್ತೊಂಬತ್ತು ಅಕ್ಷರಗಳ ರೋಗ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದ ತಂಗಿಯ ಮಗಳು ಒಂದು ಸಂಜೆ ಕಾಗದದ ಚೂರೊಂದನ್ನು ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತಳು. ಆಕೆ ಓದುವುದು ಇಂಗ್ಲಿಷ್ ಶಾಲೆಯಲ್ಲಿ; ಏಳನೆಯ ತರಗತಿ. ಶಾಲೆ ತೆರೆದೊಡನೆ ಅಲ್ಲೊಂದು ಸ್ಪರ್ಧೆ ನಡೆಯಲಿದೆಯಂತೆ. ಕೊಟ್ಟ ಶಬ್ದವನ್ನು ತಡವರಿಸದೆ ಉಚ್ಚರಿಸಬೇಕು, ಬಿಡಿಸಿ ಬರೆಯಬೇಕು, ಅರ್ಥ ಹೇಳಬೇಕು.

"ಮಾಮ, ಇದನ್ನು ಒಡೆದುಕೊಡಿ," ಎಂದಳು, ತೆಂಗಿನಕಾಯಿಯನ್ನು ಮುಂದಿಟ್ಟವಳಂತೆ.

ಕಾಗದವನ್ನು ನೋಡಿದೆ. ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಶಬ್ದ. ನಡುವೆ ಉಸಿರಾಡಲು ತೆರಪೆಂಬುದಿಲ್ಲ. ನಾನು ಕನ್ನಡದ ಅಧ್ಯಾಪಕ, ಎಂ.ಎ. ಪರೀಕ್ಷೆಗೆಂದು ನಿದ್ದೆಗೆಟ್ಟದ್ದು ಪಂಪ, ರನ್ನ, ಕೇಶಿರಾಜರೊಡನೆ. ಆದರೂ ಮಗುವಿನೆದುರು ಸೋಲೊಪ್ಪಿಕೊಳ್ಳಲು ಯಾವ ಮೇಷ್ಟರಿಗೆ ತಾನೆ ಮನಸ್ಸು ಬಂದೀತು? ಕನ್ನಡಕವನ್ನು ಒರೆಸಿಕೊಂಡು ಓದಿದೆ:

ನ್ಯೂಮೊನೊಅಲ್ಟ್ರಾಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್.

ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ನಮ್ಮ ತಾಯಿ ತಲೆಯೆತ್ತಿ, "ಅದೇನೋ ಅದು, ಮಂತ್ರವೇ?" ಎಂದರು.

"ಅಲ್ಲಮ್ಮ, ಒಂದು ಕಾಯಿಲೆಯ ಹೆಸರು."

"ಅಯ್ಯೋ ಶಿವನೆ, ಇಷ್ಟುದ್ದದ ಕಾಯಿಲೆ ಬರೋದಾದರೂ ಯಾರಿಗೋ?"

ಮಾಮ, ಸೊಸೆ ಇಬ್ಬರೂ ನಕ್ಕುಬಿಟ್ಟೆವು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅದು ದೊರೆತದ್ದು ಎರಡು ತಿಂಗಳು ಕಳೆದ ಮೇಲೆ, ನಾನೆಣಿಸದ ಕಡೆಯಿಂದ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಮೊದಲು ಶಬ್ದದ ವಿಚಾರ.

ಈ ಶಬ್ದವು ವೈದ್ಯರ ಬಾಯಲ್ಲಿ ಹುಟ್ಟಿದ್ದಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಇದು ಒಗಟುಗಾರರ ಸೃಷ್ಟಿ. ಅಮೆರಿಕದಲ್ಲಿ ಪದಬಂಧ, ಪದವಿನೋದಗಳಲ್ಲಿ ಆಸಕ್ತರಾದವರದೊಂದು ಹಳೆಯ ಸಂಘವುಂಟು. ಹೆಸರು ನ್ಯಾಷನಲ್ ಪಜ್ಲರ್ಸ್ ಲೀಗ್. 1935ರ ಫೆಬ್ರವರಿಯಲ್ಲಿ ಈ ಸಂಘವು ನ್ಯೂಯಾರ್ಕಿನಲ್ಲಿ ಸಭೆ ಸೇರಿದಾಗ ಅದರ ಅಧ್ಯಕ್ಷ ಎವೆರೆಟ್ ಸ್ಮಿತ್ ಎಂಬಾತ ಇದನ್ನು ಮುಂದಿಟ್ಟ. ಅಲ್ಲಿಯವರೆಗೆ ಆ ಸಂಘದವರು ಇಂಗ್ಲಿಷಿನ ಅತಿ ದೀರ್ಘ ಶಬ್ದವೆಂದು ಮನ್ನಿಸಿದ್ದ 'ಎಲೆಕ್ಟ್ರೊಫೋಟೊಮೈಕ್ರೊಗ್ರಾಫಿಕಲಿ'ಗೆ 28 ಲಿಪಿಗಳು, ಹೊಸದಕ್ಕೆ 45. ಹಳೆಯ ದೊರೆ ಸಿಂಹಾಸನದಿಂದಿಳಿದ, ಹೊಸಬ ಏರಿದ. ನ್ಯೂಯಾರ್ಕಿನ ದಿನಪತ್ರಿಕೆಯೊಂದು ಅದನ್ನು ಸುದ್ದಿಯಾಗಿ ಅಚ್ಚುಹಾಕಿತು. 1939ರಲ್ಲಿ ವೆಬ್‌ಸ್ಟರ್ ನಿಘಂಟಿನ ಪುರವಣಿಯೊಳಗೂ ಶಬ್ದವು ನುಸುಳಿತು. ಆಕ್ಸ್‌ಫರ್ಡ್ ನಿಘಂಟಿನವರು ಇದನ್ನು ಸೇರಿಸಿಕೊಂಡರಾದರೂ, ಇದು ಕೃತಕವಾಗಿ ಕಟ್ಟಿದ ಮಾತೆಂದು ತಿಳಿಸಿ ಕೈತೊಳೆದುಕೊಂಡಿದ್ದಾರೆ. ಊಟಕ್ಕೆ ಕೂರಿಸಿ, ಇವರು ನಮ್ಮ ನಂಟರಲ್ಲವೆಂದು ಪಕ್ಕದವರ ಕಿವಿಯಲ್ಲಿ ಹೇಳುವ ಯಜಮಾನರಂತೆ!

ಇನ್ನು ಒಡೆಯುವ ಕೆಲಸ. ಇಂಗ್ಲಿಷಿನವರ ಲಿಪಿಗೂ ಉಚ್ಚಾರದ ತುಂಡಿಗೂ ಸಂಬಂಧ ಕಡಿಮೆ. ಆದುದರಿಂದ ಅವರ ನಿಘಂಟುಗಳಲ್ಲಿ ಶಬ್ದದ ನಡುನಡುವೆ ಚುಕ್ಕೆಗಳನ್ನಿಟ್ಟು, ಇಲ್ಲಿ ಒಂದು ತುಂಡು ಮುಗಿಯಿತು, ಇಲ್ಲಿ ಇನ್ನೊಂದು ಮೊದಲಾಯಿತು ಎಂದು ತೋರಿಸಬೇಕಾಗುತ್ತದೆ. ನಮ್ಮ ಲಿಪಿಯಲ್ಲಿ ಆ ತೊಂದರೆಯಿಲ್ಲ. ಕನ್ನಡದಲ್ಲಿ ಬರೆದ ಕ್ಷಣವೇ ಶಬ್ದವು ತನ್ನಷ್ಟಕ್ಕೆ ತಾನೇ ಒಡೆದುಕೊಂಡು ನಿಲ್ಲುತ್ತದೆ. ನಮ್ಮ 'ಅಕ್ಷರ'ವೆಂದರೆ ಬಾಯಿ ಒಂದು ಸಲಕ್ಕೆ ನುಡಿಯುವಷ್ಟು ಸದ್ದು. ಅವರ ಲಿಪಿಯಂತೆ ಅರೆಬರೆ ಚಿಹ್ನೆಯಲ್ಲ. ಹುಡುಗಿಗೆ ಪೆನ್ಸಿಲು ಕೊಟ್ಟು ಹೀಗೆ ಬರೆಯಿಸಿದೆ: ನ್ಯೂ, ಮೊ, ನೊ, ಅ, ಲ್ಟ್ರಾ, ಮೈ, ಕ್ರೊ, ಸ್ಕಾ, ಪಿಕ್, ಸಿ, ಲಿ, ಕೊ, ವಾ, ಲ್ಕೇ, ನೊ, ಕೋ, ನಿ, ಯೋ, ಸಿಸ್. ಎಣಿಸಿದರೆ ಹತ್ತೊಂಬತ್ತು. ಇಂಗ್ಲಿಷ್ ನಿಘಂಟಿನ ಚುಕ್ಕೆಗಳನ್ನು ಎಣಿಸಿ ನೋಡಿ. ಅಲ್ಲಿಯೂ ಹತ್ತೊಂಬತ್ತೇ ತುಂಡು. ನಾವು 'ಅ-ಲ್ಟ್ರಾ' ಎಂದು ಕಡಿದಲ್ಲಿ ಅವರು 'ಅಲ್-ಟ್ರಾ' ಎಂದು ಕಡಿಯುತ್ತಾರೆ; 'ವಾ-ಲ್ಕೇ' ಅವರಿಗೆ 'ವಾಲ್-ಕೇ'. ಲೆಕ್ಕ ಮಾತ್ರ ಕೂಡುತ್ತದೆ.

ಹತ್ತೊಂಬತ್ತೆಂದೊಡನೆ ನನಗೆ ಶಾರ್ದೂಲವಿಕ್ರೀಡಿತದ ನೆನಪಾಯಿತು. ಹಳಗನ್ನಡ ಕವಿಗಳಿಗೆ ಪ್ರಿಯವಾದ ಆರು ಖ್ಯಾತ ಕರ್ನಾಟಕ ವೃತ್ತಗಳಲ್ಲಿ ಅದೂ ಒಂದು. ಅದರ ಒಂದೊಂದು ಪಾದಕ್ಕೂ ಹತ್ತೊಂಬತ್ತು ಅಕ್ಷರ. ನ್ಯೂಯಾರ್ಕಿನ ಒಗಟುಗಾರ ತಿಳಿಯದೆಯೇ ಶಾರ್ದೂಲದ ಒಂದು ಪಾದ ಬರೆದನೋ ಎಂದು ಆಸೆಯಿಂದ ಪ್ರಸ್ತಾರ ಹಾಕಿದೆ. 'ನ್ಯೂಮೊನೊ' ಎಂಬುದು ಗುರು, ಲಘು, ಲಘು, ಭಗಣ. ಶಾರ್ದೂಲ ಮೊದಲಾಗಬೇಕಾದದ್ದು ಮಗಣದಿಂದ. ಮೊದಲ ಹೆಜ್ಜೆಯಲ್ಲೇ ಹುಲಿ ಮುಗ್ಗರಿಸಿತು! ಭಗಣದಿಂದ ಮೊದಲಾಗುವುದು ಉತ್ಪಲಮಾಲೆ; ಆದರೆ ಅದರ ಎರಡನೆಯ ಗಣ ರಗಣವಾಗಬೇಕು, ಇಲ್ಲಿ 'ಅಲ್ಟ್ರಾಮೈ' ಮೂರೂ ಗುರುವಾಗಿ ಕುಳಿತಿದೆ. ಛಂದಸ್ಸಿನ ಗೊಡವೆಯನ್ನು ಅಲ್ಲಿಗೆ ಬಿಟ್ಟೆ. ನನ್ನ ಸೊಸೆ ಆಕಳಿಸಲು ಮೊದಲುಮಾಡಿದ್ದಳು ಕೂಡ.

ಉಚ್ಚಾರದಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ತಲೆಯಲ್ಲಿಯೇ ಇದೆ. ಬರವಣಿಗೆಯಲ್ಲಿ ಶಬ್ದ ಮೊದಲಾಗುವುದು 'ಪಿ' ಎಂಬ ಲಿಪಿಯಿಂದ. ಗ್ರೀಕರು ಪಕಾರ ನಕಾರಗಳೆರಡನ್ನೂ ಒಟ್ಟಾಗಿ ನುಡಿಯುತ್ತಿದ್ದರು. ಇಂಗ್ಲಿಷಿನವರ ನಾಲಗೆಗೆ ಅದು ಹೊರಳಲಿಲ್ಲ. ಪಕಾರವನ್ನು ಬಾಯಿಂದ ಬಿಟ್ಟರು, ಕಾಗದದಲ್ಲಿ ಮಾತ್ರ ಉಳಿಸಿಕೊಂಡರು. ನಮಗಾದರೋ 'ಪ್ನ್ಯೂ' ಎನ್ನಲು ಯಾವ ಕಷ್ಟವೂ ಇಲ್ಲ. 'ಸ್ವಪ್ನ'ವೆನ್ನುವ ನಾಲಗೆಗೆ ಇದೊಂದು ದೊಡ್ಡದೆ? ಆ ಅನುಕೂಲವೇ ಇಲ್ಲಿ ತೊಡಕು. ಬಾಯಿಗೆ ಬರುತ್ತದೆಂದು ಹೇಳಿದಿರೋ, ಸ್ಪರ್ಧೆಯಲ್ಲಿ ಸೋತಿರಿ.

ಎರಡನೆಯದು ಸೂಕ್ಷ್ಮವಾದದ್ದು. ನಾವು ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲಿನ ಮರ್ಯಾದೆಯನ್ನು ಪೂರ್ತಿಯಾಗಿ ಕೊಡುತ್ತೇವೆ. ಹ್ರಸ್ವವಿದ್ದರೆ ಒಂದು ಮಾತ್ರೆ, ದೀರ್ಘವಿದ್ದರೆ ಎರಡು. ನಮ್ಮಲ್ಲಿ ಶಬ್ದ ನಡೆಯುವುದು ಕಾಲದ ಅಳತೆಯ ಮೇಲೆ. ಇಂಗ್ಲಿಷು ನಡೆಯುವುದು ಉಸಿರಿನ ಬಲದ ಮೇಲೆ. ಕೆಲವು ತುಂಡುಗಳ ಮೇಲೆ ಅವರು ಉಸಿರನ್ನು ಒತ್ತಿ ಬಿಡುತ್ತಾರೆ. ಮಿಕ್ಕವು ಬಡವಾಗಿ, ಸ್ವರ ಅಳಿಸಿಹೋಗಿ, ಗುಂಪಿನಲ್ಲಿ ತಲೆತಗ್ಗಿಸಿ ಸಾಗುತ್ತವೆ. ಈ ಶಬ್ದದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬಲ ಬೀಳಬೇಕಾದದ್ದು ಕೊನೆಯಿಂದ ಎರಡನೆಯದಾದ 'ಯೋ' ಎಂಬುದರ ಮೇಲೆ. ಹದಿನೇಳು ಮೆಟ್ಟಿಲು ಹತ್ತಿದ ಮೇಲೂ ಹದಿನೆಂಟನೆಯದಕ್ಕೆ ಉಸಿರು ಉಳಿದಿರಬೇಕು. ಹುಡುಗಿ ಮೂರು ಸಲವೂ 'ವಾಲ್ಕೇ' ಎಂಬಲ್ಲಿಯೇ ದಣಿದಳು. ಕೊನೆಗೊಂದು ಉಪಾಯ ಮಾಡಿದೆ: ಬಾಲದಿಂದ ಕಲಿಸಿದೆ. ಮೊದಲು 'ಕೋನಿಯೋಸಿಸ್'; ಅದು ನಾಲಗೆಗೆ ಕುಳಿತ ಮೇಲೆ 'ವಾಲ್ಕೇನೊಕೋನಿಯೋಸಿಸ್'; ಹೀಗೆ ಹಿಂದುಹಿಂದಕ್ಕೆ. ಅರ್ಧ ಗಂಟೆಯೊಳಗೆ ಇಡೀ ಮೆರವಣಿಗೆ ಸಾಲುತಪ್ಪದೆ ಹೊರಟಿತು.

ಈ ಅಭ್ಯಾಸದ ನಡುವೆ ನನಗಾದ ಸಂತೋಷವೊಂದನ್ನು ಹೇಳದಿರಲಾರೆ. ಹುಡುಗಿ ಕನ್ನಡದಲ್ಲಿ ಬರೆದುಕೊಂಡಾಗ 'ನೊಅಲ್ಟ್ರಾ' ಎಂದು ಬರೆಯದೆ 'ನೊವಲ್ಟ್ರಾ' ಎಂದು ಬರೆದಿದ್ದಳು. ಎರಡು ಸ್ವರಗಳು ಎದುರುಬದುರಾದರೆ ನಮ್ಮ ನುಡಿ ಸುಮ್ಮನಿರುವುದಿಲ್ಲ. ನಡುವೆ ಯಕಾರವನ್ನೋ ವಕಾರವನ್ನೋ ತಂದು ನಿಲ್ಲಿಸುತ್ತದೆ. 'ಕೋನಿಯೋಸಿಸ್' ಎಂಬಲ್ಲಿ ನಾವೆಲ್ಲರೂ ಯೋಚಿಸದೆಯೇ ಬರೆಯುವ ಯಕಾರವೂ ಅಂತಹುದೇ. ಆಗಮಸಂಧಿಯೆಂದು ತರಗತಿಯಲ್ಲಿ ಗಂಟಲು ಹರಿದುಕೊಂಡರೂ ನಮ್ಮ ವಿದ್ಯಾರ್ಥಿಗಳಿಗೆ ನೆನಪಿರದ ಸೂತ್ರವನ್ನು, ಸಂಧಿಯ ಹೆಸರೇ ಕೇಳದ ಹುಡುಗಿಯೊಬ್ಬಳು ಅಮೆರಿಕದ ಶಬ್ದದೊಳಗೆ ಪ್ರಯೋಗಿಸಿದ್ದಳು.

ಅರ್ಥಕ್ಕೆ ಬರೋಣ. 'ನ್ಯೂಮೊನ್' ಗ್ರೀಕಿನಲ್ಲಿ ಶ್ವಾಸಕೋಶ. 'ಅಲ್ಟ್ರಾ' ಲ್ಯಾಟಿನ್, ಆಚೆಯದು, ಮೀರಿದ್ದು ಎಂದರ್ಥ. 'ಮೈಕ್ರೊ' ಎಂದರೆ ಕಿರಿದು, 'ಸ್ಕೋಪ್' ನೋಟಕ್ಕೆ ಸಂಬಂಧಿಸಿದ್ದು, ಎರಡೂ ಗ್ರೀಕಿನವು. 'ಸಿಲಿಕೊ' ಎಂಬುದಕ್ಕೆ ಮೂಲ ಲ್ಯಾಟಿನ್ನಿನ 'ಸೈಲೆಕ್ಸ್', ನಮ್ಮ ಚಕಮಕಿ ಕಲ್ಲು. 'ವಾಲ್ಕೇನೊ' ರೋಮನರ ಅಗ್ನಿದೇವತೆ ವಲ್ಕನ್ನನ ಹೆಸರಿನಿಂದ ಇಟಲಿಯ ಮಾರ್ಗವಾಗಿ ಬಂದ ಅಗ್ನಿಪರ್ವತ. 'ಕೋನಿಸ್' ಗ್ರೀಕಿನಲ್ಲಿ ಧೂಳು. 'ಓಸಿಸ್' ಎಂಬುದು ರೋಗದ ಸ್ಥಿತಿಯನ್ನು ಹೇಳುವ ಪ್ರತ್ಯಯ. ಗ್ರೀಕ್ ಮಾದರಿಯ ಸಮಾಸದಲ್ಲಿ ಮಣಿಗಳನ್ನು ಪೋಣಿಸುವ ದಾರವೆಂದರೆ ಒಕಾರ. 'ನ್ಯೂಮೊನೊ', 'ಸಿಲಿಕೊ' ಎಂಬಲ್ಲಿ ಕಾಣುವುದು ಅದೇ. ನಮ್ಮ ತತ್ಪುರುಷದಲ್ಲಿರುವಂತೆ ಇಲ್ಲಿಯೂ ಯಜಮಾನಿಕೆ ಕೊನೆಯ ಪದದ್ದು. ಆದುದರಿಂದ ವಿಗ್ರಹವಾಕ್ಯವನ್ನು ಬಾಲದಿಂದ ಹಿಡಿದು ಹೇಳಬೇಕು: ಅಗ್ನಿಪರ್ವತದಿಂದ ಬಂದ, ಸಿಲಿಕದಿಂದಾದ, ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಧೂಳಿನಿಂದ ಶ್ವಾಸಕೋಶಕ್ಕೆ ತಗಲಿದ ರೋಗ.

ಗ್ರೀಕನ್ನೂ ಲ್ಯಾಟಿನ್ನನ್ನೂ ಹೀಗೆ ಕಲಸಬಹುದೆ? ಅಲ್ಲಿಯ ಮಡಿವಂತ ಪಂಡಿತರಿಗೆ ಇದು ಹಿಡಿಸದು. 'ಟೆಲಿವಿಷನ್' ಎಂಬ ಶಬ್ದ ಹುಟ್ಟಿದಾಗಲೂ ಅರ್ಧ ಗ್ರೀಕು, ಅರ್ಧ ಲ್ಯಾಟಿನ್ನೆಂದು ಮೂಗುಮುರಿದವರಿದ್ದರು. ನಮ್ಮಲ್ಲಿ ಈ ಜಗಳ ಸಾವಿರ ವರ್ಷಕ್ಕೂ ಹಳೆಯದು. ಸಂಸ್ಕೃತ ಕನ್ನಡಗಳನ್ನು ಸಮಾಸದಲ್ಲಿ ಬೆರೆಸುವುದನ್ನು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು, ಕಾಯುತ್ತಿರುವ ಹಾಲಿಗೆ ಮಜ್ಜಿಗೆ ತೊಟ್ಟಿಕ್ಕಿಸುವುದಕ್ಕೆ ಹೋಲಿಸಿತು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅಂತಹುದನ್ನು ಅರಿಸಮಾಸವೆಂದು, ಎಂದರೆ ಹಗೆಯ ಸಮಾಸವೆಂದು, ಹೊರಗಿಟ್ಟನು. ಆದರೆ ಗಮಕ, ಕ್ರಿಯಾಸಮಾಸಗಳಿಗೂ ಬಿರುದಾವಳಿಗಳಿಗೂ ರಿಯಾಯತಿ ತೋರಿಸಿದನು. ನನ್ನ ಮಟ್ಟಿಗೆ, ಈ ಒಗಟುಗಾರನ ಶಬ್ದವನ್ನು ಬಿರುದಾವಳಿಯ ಪಂಕ್ತಿಯಲ್ಲಿ ಕೂರಿಸಿದರೆ ಕೇಶಿರಾಜ ತಕರಾರೆತ್ತಲಾರ. ಕೆಲಸಕ್ಕಾಗಿ ಹುಟ್ಟಿದ್ದಲ್ಲ, ಮೆರೆಯುವುದಕ್ಕಾಗಿ ಹುಟ್ಟಿದ್ದು.

ಉದ್ದದ ಜಂಬವಾದರೂ ನಿಲ್ಲುತ್ತದೆಯೆ? ಹದಿನಾರನೆಯ ಶತಮಾನದಲ್ಲಿ ವಿಜಯನಗರದ ರಾಣಿ ತಿರುಮಲಾಂಬೆ ರಚಿಸಿದ 'ವರದಾಂಬಿಕಾ ಪರಿಣಯ ಚಂಪು'ವಿನಲ್ಲಿ ಕಂಚಿಯ ಸೀಮೆಯನ್ನು ವರ್ಣಿಸುವ ಒಂದೇ ಒಂದು ಸಮಾಸಕ್ಕೆ 195 ಅಕ್ಷರಗಳೆಂದು ಗಿನ್ನೆಸ್ ದಾಖಲೆಯವರೇ ಎಣಿಸಿದ್ದಾರೆ. ನಮ್ಮ ಹತ್ತೊಂಬತ್ತು ಅದರ ಮುಂದೆ ಕಿರುಬೆರಳು.

ಇಲ್ಲಿಯವರೆಗೆ ಎಲ್ಲವೂ ವಿನೋದವೇ. ಆದರೆ ಅಧ್ಯಾಪಕನ ಹಾಳು ಅಭ್ಯಾಸ, ಶಬ್ದದ ಬೆನ್ನುಹತ್ತಿ ಪದಾರ್ಥದವರೆಗೂ ಹೋಗುವುದು. ಹೋಗಿ ನೋಡಿದರೆ, ಶಬ್ದದ ಅರ್ಧ ಭಾಗ ಸುಳ್ಳು, ಮಿಕ್ಕರ್ಧ ಭಯಂಕರವಾದ ನಿಜ.

ಸುಳ್ಳಾವುದು? 'ವಾಲ್ಕೇನೊ' ಉದ್ದಕ್ಕಾಗಿ ತುರುಕಿದ್ದು. ಈ ರೋಗಕ್ಕೆ ಅಗ್ನಿಪರ್ವತವೇ ಬೇಕೆಂದಿಲ್ಲ, ಬೆಣಚುಕಲ್ಲನ್ನು ಒಡೆಯುವಲ್ಲೆಲ್ಲ ಇದು ಬರುತ್ತದೆ. 'ಅಲ್ಟ್ರಾ' ಕೂಡ ಅತಿಶಯೋಕ್ತಿ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಒಂದು ಮೈಕ್ರಾನ್ ಎನ್ನುತ್ತಾರೆ. ಶ್ವಾಸಕೋಶದ ಕೊನೆಯ ಗೂಡುಗಳಿಗಿಳಿದು ಕೆಡುಕು ಮಾಡುವ ಕಣಗಳು ಬಹುಮಟ್ಟಿಗೆ ಐದು ಮೈಕ್ರಾನಿಗಿಂತ ಸಣ್ಣವು. ಬರಿಯ ಕಣ್ಣಿಗೆ ಕಾಣದಿದ್ದರೂ ಅವುಗಳಲ್ಲಿ ಹೆಚ್ಚಿನವು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಕಾಣುತ್ತವೆ. ನಿಜವಾದುದು 'ನ್ಯೂಮೊನೊ'ವೂ 'ಕೋನಿಯೋಸಿಸ್'ಸೂ. ಈ ಎರಡನ್ನೂ ಜೋಡಿಸಿ ಧೂಳಿನ ರೋಗಕ್ಕೆ ಹೆಸರಿಟ್ಟವನು 1860ರ ದಶಕದಲ್ಲಿ ಜರ್ಮನಿಯ ವೈದ್ಯ ಜೆಂಕರ್. 'ಸಿಲಿಕೋಸಿಸ್' ಎಂಬ ಹೆಸರು 1870ರಲ್ಲಿ ಇಟಲಿಯ ವಿಸ್ಕೋಂಟಿಯಿಂದ ಬಂತು.

ಸಿಲಿಕದ ಕಣವನ್ನು ನುಂಗಿ ಅರಗಿಸಲು ಶ್ವಾಸಕೋಶದ ಕಾವಲು ಜೀವಕೋಶಗಳು ಮುನ್ನುಗ್ಗುತ್ತವೆ. ಕಲ್ಲು ಅರಗುವುದಿಲ್ಲ, ನುಂಗಿದ ಕೋಶವೇ ಸಾಯುತ್ತದೆ. ಸತ್ತಲ್ಲಿ ಗಾಯ, ಗಾಯವಾದಲ್ಲಿ ಗಂಟು. ಮೆತ್ತಗೆ ಹಿಗ್ಗಿ ಕುಗ್ಗಬೇಕಾದ ಅಂಗವು ಬರಬರುತ್ತ ಬಿರುಸಾಗುತ್ತದೆ. ಧೂಳಿನ ಕೆಲಸವನ್ನು ಬಿಟ್ಟ ಮೇಲೂ ರೋಗ ಬೆಳೆಯಬಲ್ಲದು. ಕ್ಷಯವು ಇಂಥವರಿಗೆ ಸುಲಭವಾಗಿ ತಗಲುತ್ತದೆ. ಆದ ಗಾಯವನ್ನು ಅಳಿಸುವ ಔಷಧ ಇಂದಿಗೂ ಇಲ್ಲ.

ಒಗಟುಗಾರರು ಹೋಟೆಲಿನಲ್ಲಿ ಕುಳಿತು ಶಬ್ದ ಪೋಣಿಸಿದ ಕಾಲದಲ್ಲಿಯೇ ಅದೇ ಅಮೆರಿಕದಲ್ಲಿ ಏನಾಗಿತ್ತು ಗೊತ್ತೆ? ಪಶ್ಚಿಮ ವರ್ಜೀನಿಯದ ಗಾಲಿ ಬ್ರಿಜ್ ಬಳಿ, ನದಿಯ ನೀರನ್ನು ವಿದ್ಯುತ್ತಿಗಾಗಿ ಹರಿಸಲು 1930ರಲ್ಲಿ ಬೆಟ್ಟದೊಳಗೆ ಸುಮಾರು ಮೂರು ಮೈಲಿಯ ಸುರಂಗ ಕೊರೆಯಲಾರಂಭಿಸಿದರು. ಹಾಕ್ಸ್ ನೆಸ್ಟ್ ಸುರಂಗವೆಂದು ಅದಕ್ಕೆ ಹೆಸರು. ಬಂಡೆಯಲ್ಲಿ ಸಿಲಿಕ ತುಂಬಿತ್ತು. ನೀರು ಹಾಕದೆ ಒಣಗಲ್ಲನ್ನೇ ಕೊರೆಯಿಸಿದರು. ಒಳಗಿಳಿದವರಲ್ಲಿ ಹೆಚ್ಚಿನವರು ದಕ್ಷಿಣದಿಂದ ಕೂಲಿಗೆ ಬಂದ ಕರಿಯರು. ಹತ್ತಿಪ್ಪತ್ತು ವರ್ಷಕ್ಕೆ ಬರಬೇಕಾದ ರೋಗ ತಿಂಗಳುಗಳಲ್ಲಿ ಬಂತು. 1936ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿದಾಗ ಸತ್ತವರೆಂದು ಲೆಕ್ಕಕ್ಕೆ ಬಂದವರು 476. ಬಳಿಕ ಶೋಧಿಸಿದವರ ಅಂದಾಜು ಏಳುನೂರನ್ನು ದಾಟುತ್ತದೆ.

ಇದನ್ನೆಲ್ಲ ಓದಿಕೊಂಡ ನಾನು, ಕಾಲೇಜು ತೆರೆದ ಮೇಲೆ ಸಮಾಸದ ಪಾಠದ ದಿನ ಆ ಶಬ್ದವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಎಂದಿನಂತೆ ನಗು, ಗದ್ದಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಒಬ್ಬ ವಿದ್ಯಾರ್ಥಿ ಮಾತ್ರ ನಿಂತಿದ್ದ, ಕೆ.ಜಿ.ಎಫ್.ನ ಹುಡುಗ.

"ಸಾರ್, ನಡುವೆ ಇರೋ ಆ ಸಿಲಿಕೊ... ನಮ್ಮ ತಾತನ ಚೀಟಿಯಲ್ಲೂ ಇದೆ."

ಕೋಲಾರದ ಚಿನ್ನ ಇರುವುದು ಬೆಣಚಿನ ಪದರಗಳಲ್ಲಿ. ಬೆಣಚೆಂದರೆ ಸಿಲಿಕವೇ. ಆ ಪದರಗಳನ್ನು ಹಿಂಬಾಲಿಸುತ್ತ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಭಾರತದಲ್ಲಿ ಸಿಲಿಕೋಸಿಸ್ ಕುರಿತು ಮೊದಲ ವರದಿ ಬಂದದ್ದು 1947ರಲ್ಲಿ, ಈ ಗಣಿಗಳಿಂದಲೇ. ಆಗ ಪರೀಕ್ಷೆಗೊಳಗಾದ ಕೆಲಸಗಾರರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ರೋಗ ಕಂಡಿತ್ತು. ನಮ್ಮ ಮನೆಯಿಂದ ರೈಲಿನಲ್ಲಿ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟುವ ಊರು. ನಾನು ಮಾತ್ರ ಅಮೆರಿಕವನ್ನೆಲ್ಲ ಸುತ್ತಿ ಬಂದಿದ್ದೆ.

ಮುಂದಿನ ಭಾನುವಾರ ಹುಡುಗನೊಡನೆ ಮಾರಿಕುಪ್ಪಂ ರೈಲು ಹತ್ತಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಬೂದುಬಣ್ಣದ ಸಯನೈಡ್ ದಿಬ್ಬಗಳು. ಲೈನು ಮನೆಯ ಬಾಗಿಲಲ್ಲಿ, ಗೋಡೆಗೆ ಬೆನ್ನು ಕೊಟ್ಟು, ದಿಂಬನ್ನು ತಬ್ಬಿಕೊಂಡು ಕುಳಿತಿದ್ದರು ತಾತ. 1971ರಲ್ಲಿ ಇಳಿದವರು, ಮುಚ್ಚುವವರೆಗೂ ಇಳಿದವರು. ಮಲಗಿದರೆ ಉಸಿರು ಕಟ್ಟುತ್ತದೆ. ರಾತ್ರಿಯೂ ಹೀಗೆಯೇ ಕೂರುತ್ತಾರಂತೆ.

"ನೀರು ಬಿಟ್ಟೇ ಕೊರೀತಿದ್ವಿ, ಮೇಷ್ಟ್ರೇ," ಎಂದರು. ನಿಂತರು. "ಮದ್ದು ಹಾರಿಸಿದ ಮೇಲೆ... ಹೊಗೆ ಯಾವುದು, ಧೂಳು ಯಾವುದು... ಗೊತ್ತಾಗ್ತಿರಲಿಲ್ಲ."

ಹುಡುಗ ಆಸ್ಪತ್ರೆಯ ಚೀಟಿಯನ್ನು ತಂದು ತೋರಿಸಿದ. ನಲವತ್ತೈದು ಲಿಪಿಗಳ ಆಡಂಬರ ಅಲ್ಲಿರಲಿಲ್ಲ. ಒಂದು ಮೂಲೆಯಲ್ಲಿ, ಅವಸರದ ಕೈಬರಹದಲ್ಲಿ, ಒಂದೇ ಮಾತು. ತಾತನಿಗೆ ಇಂಗ್ಲಿಷ್ ಓದಲು ಬಾರದು. ವೈದ್ಯರು ಹೇಳಿದ್ದನ್ನು ಕೇಳಿ ನೆನಪಿಟ್ಟುಕೊಂಡಿದ್ದರು. ಏನೆಂದು ಬರೆದಿದೆಯೆಂದು ನನಗೆ ತಿಳಿಸುವುದಕ್ಕಾಗಿ ಅವರೇ ಹೇಳಿದರು. ಸಿ, ಎಂದರು; ಉಸಿರು ತೆಗೆದುಕೊಂಡರು. ಲಿಕೋ, ಎಂದರು, ದಿಂಬನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡರು. ಕೊನೆಯ 'ಸಿಸ್' ನನಗೆ ಕೇಳಿಸಲೇ ಇಲ್ಲ. ತುಟಿ ಅಲುಗಿದ್ದು ಮಾತ್ರ ಕಂಡಿತು.

ರಾತ್ರಿ ಮನೆಗೆ ಬಂದಾಗ ಸೊಸೆಯ ಕಾಗದ ಬಂದಿತ್ತು. ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ. ಹದಿನೆಂಟನೆಯ ಮೆಟ್ಟಿಲಲ್ಲಿ ಉಸಿರು ಸಾಲದೆ ಮೊದಲನೆಯದು ತಪ್ಪಿತೆಂದು ಬರೆದಿದ್ದಳು. ಅಮ್ಮನಿಗೆ ಅದನ್ನು ಓದಿ ಹೇಳಿದೆ. ಬಳಿಕ, "ಆ ಉದ್ದದ ಕಾಯಿಲೆ ಯಾರಿಗೆ ಬರುತ್ತದೆಂದು ಕೇಳಿದ್ದೆಯಲ್ಲ," ಎಂದು ಮಾರಿಕುಪ್ಪಮ್ಮಿನ ಸಂಗತಿಯನ್ನೆಲ್ಲ ತಿಳಿಸಿದೆ.

ಅಮ್ಮ ತಮ್ಮ ಕೈಯ ಚಿನ್ನದ ಬಳೆಯನ್ನು ತಿರುಗಿಸುತ್ತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ, "ರಾತ್ರಿ ಪೂರ್ತಿ ಕೂತೇ ಇರ್ತಾರೇನೋ?" ಎಂದು ಕೇಳಿದರು.